ಕೊಡಗಿನಲ್ಲಿ ಪಾಳುಬಿದ್ದ ಗದ್ದೆಯನ್ನು ಲೇಔಟ್‌ನವರಿಗೆ ಕೊಡದೆ ಉಳಿಸಿಕೊಳ್ಳುವುದು ಹೇಗೆ?

ನೀವಿರುವುದು ಬೆಂಗಳೂರಲ್ಲಿ, ಊರಿನ ಎರಡು ಎಕರೆ ಗದ್ದೆ ಪಾಳುಬಿದ್ದಿದೆ, ಲೇಔಟ್‌ನವರು ಕೇಳುತ್ತಿದ್ದಾರೆ ಎಂದಿದ್ದೀರಿ. ನಾನು ನಾಪೋಕ್ಲು ಕಡೆಯವನು. ನಾವೂ ಐದು ವರ್ಷ ಗದ್ದೆ ಪಾಳು ಬಿಟ್ಟವರೇ, ಹಾಗಾಗಿ ಬುದ್ಧಿ ಹೇಳುವ ಮುಖ ನನಗಿಲ್ಲ. ಆದದ್ದನ್ನು ಹೇಳುತ್ತೇನೆ.

ಭತ್ತದಲ್ಲಿ ಗಿಟ್ಟುವುದಿಲ್ಲ. ಕಾಫಿ, ಕರಿಮೆಣಸಿನ ದುಡ್ಡು ತಂದು ಗದ್ದೆಗೆ ಸುರಿಯಬೇಕು. ಬಿಟ್ಟದ್ದು ಅದಕ್ಕೇ. ಮೊದಲ ವರ್ಷ ಹುಲ್ಲು ಬಂತು, ಆಮೇಲೆ ಪೊದೆ, ಮೂರನೇ ವರ್ಷ ಪೊದೆಯೊಳಗೆ ಹಂದಿ ಮರಿ ಹಾಕಿತು. ಅವು ತಿಂದದ್ದು ಪಕ್ಕದ ಮನೆಯವರ ತೆನೆ. ನಮ್ಮದು ಬಯಲಿನ ನಡುವಿನ ಗದ್ದೆ. ಮೇಲಿನವರ ನೀರು ನಮ್ಮ ಬದುವಿನ ಕಂಡಿಯಲ್ಲೇ ಇಳಿದು ಕೆಳಗಿನವರಿಗೆ ಹೋಗಬೇಕು. ಏಡಿ ಕೊರೆದ ತೂತಿಗೆ ಕೆಸರು ಮೆತ್ತುವವರಿಲ್ಲದೆ ಬದು ಒಡೆಯಿತು, ನೀರೆಲ್ಲ ನೇರ ತೋಡಿಗೆ. ಕೆಳಗಿನ ಎರಡು ಮನೆಯವರು ನಾಟಿಯನ್ನೇ ನಿಲ್ಲಿಸಿದರು. ಮಳೆಗಾಲವಿಡೀ ಗದ್ದೆಯಲ್ಲಿ ನಿಂತು ಇಂಗುತ್ತಿದ್ದ ನೀರು ಹೋಯಿತಲ್ಲ, ಮಾರ್ಚ್‌ನಲ್ಲಿ ನಮ್ಮ ಬಾವಿಯ ಹಗ್ಗಕ್ಕೂ ಇನ್ನೊಂದು ಮಾರು ಕಟ್ಟಬೇಕಾಯಿತು.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಬೇರೆಯವರ ಗದ್ದೆಯಲ್ಲಿ ಕದಿರು ತೆಗೆದು ‘ಪೊಲಿ ಪೊಲಿ ದೇವಾ’ (ಹೆಚ್ಚಲಿ ದೇವರೇ) ಎಂದು ಕೂಗಿದೆವು. ಅಪ್ಪ ಬರಲಿಲ್ಲ.

ಮರುವರ್ಷ ನಾಲ್ಕು ಮನೆಯವರು ಸೇರಿ ಹಳೆಯ ಮುಯ್ಯಾಳು ಪದ್ಧತಿ ಶುರುಮಾಡಿದೆವು. ಇವತ್ತು ನಿಮ್ಮಲ್ಲಿ ನಾಟಿ, ನಾಳೆ ನಮ್ಮಲ್ಲಿ. ಟಿಲ್ಲರ್ ಬಾಡಿಗೆ, ಸೋಲಾರ್ ಬೇಲಿಯ ಖರ್ಚು ಹಂಚಿಕೆ. ಲಾಭ ಈಗಲೂ ಇಲ್ಲ. ಮನೆಗಾಗುವಷ್ಟು ಅಕ್ಕಿ, ದನಕ್ಕೆ ಹುಲ್ಲು. ಜಗಳ ಬೇಕಾದಷ್ಟಿದೆ, ಬಹುಪಾಲು ನೀರು ಬಿಡುವ ದಿನದ್ದು.

ದೂರದಲ್ಲಿರುವವರು ಬೇರೆಯವರಿಗೆ ಗದ್ದೆ ಮಾಡಲು ಕೊಡದಿರುವುದಕ್ಕೆ 1974ರ ಭೂಸುಧಾರಣೆಯ ಭಯ ಕಾರಣ: ಆಗ ಗೇಣಿಗೆ ಕೊಟ್ಟ ಜಮೀನು ಗೇಣಿದಾರರದೇ ಆಗಿಹೋಗಿತ್ತು. ಭಯ ಸುಳ್ಳಲ್ಲ. ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರಿಗೆ ವಿನಾಯಿತಿ ಇದೆ, ಕೊಡಗಿನಲ್ಲಿ ಅದು ಸಣ್ಣ ಮಾತಲ್ಲ. ನಿಮಗೆ ಅದಿಲ್ಲದಿದ್ದರೆ ಗೇಣಿಪತ್ರ ಬರೆಯಲು ಹೋಗಬೇಡಿ. ಖರ್ಚು ನೀವೇ ಹಾಕಿ, ಕೆಲಸಕ್ಕೆ ಕೂಲಿ ಕೊಟ್ಟು ನಿಮ್ಮ ಹೆಸರಲ್ಲೇ ಮಾಡಿಸಿ. ಒಮ್ಮೆ ವಕೀಲರನ್ನೂ ಕೇಳಿ.

ಲೇಔಟ್‌ನವರು ಈಗ ಧೈರ್ಯವಾಗಿ ಬರುವುದಕ್ಕೂ ಕಾರಣವಿದೆ: 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು. ಸೈಟು ಮಾಡಲು ಗದ್ದೆಗೆ ಮಣ್ಣು ತುಂಬಬೇಕು, ಆ ಮಣ್ಣಿಗೆ ಎಲ್ಲೋ ಒಂದು ಗುಡ್ಡದ ಬದಿ ಕೊರೆಯಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರುವುದು ನಿಮ್ಮ ಹಕ್ಕು. ಮಗಳ ಓದು, ಆಸ್ಪತ್ರೆ ಎಂದು ಮಾರಿದವರನ್ನು ನಾನು ಬೈಯುವುದಿಲ್ಲ. ಆದರೆ ಅದಕ್ಕೆ ಮೊದಲು ಒಮ್ಮೆ ಊರಿಗೆ ಬಂದು, ನಿಮ್ಮ ಗದ್ದೆಯಿಂದ ಕೆಳಗಿರುವ ಮನೆಯವರ ಜೊತೆ ಕೂತು ಕಾಫಿ ಕುಡಿಯಿರಿ. ಜೂನ್‌ಗೆ ಮೊದಲೇ ಬನ್ನಿ, ಮಳೆ ಹಿಡಿದರೆ ಬದು ಕಟ್ಟಲಾಗುವುದಿಲ್ಲ.