ಮಗಳಿಗೆ ‘ದಿ ಮಂಕೀಸ್’ ಹುಚ್ಚು. ಅದು ಟಿವಿಯವರು ಕಟ್ಟಿದ ಬ್ಯಾಂಡ್, ನಿಜವಾದದ್ದಲ್ಲ ಅಂತ ಹೇಗೆ ಅರ್ಥ ಮಾಡಿಸಲಿ?

ಅರ್ಥ ಮಾಡಿಸಬೇಡಿ.

ಹದಿಮೂರರ ಹುಡುಗಿ, ದಿನವಿಡೀ ಮಂಕೀಸ್ ಹಾಡು, ಅದನ್ನು ಬಿಡಿಸಿ ಬೀಟಲ್ಸ್ ಕೇಳಿಸಬೇಕು ಅನ್ನುವ ನೀವು. ನಮ್ಮ ಮನೆಯಲ್ಲೂ ಇದೇ ಆಗಿತ್ತು. ಅರ್ಥ ಮಾಡಿಸುವ ಕೆಲಸಕ್ಕೆ ಕೈ ಹಾಕಿದವನು ನಾನೇ. ಅದಕ್ಕೇ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ.

ಅಪ್ಪನ ಕೆಲಸದಿಂದಾಗಿ ಮೈಸೂರು ಬಿಟ್ಟು ನ್ಯೂಜೆರ್ಸಿಗೆ ಹೋದ ಹೊಸತು. ನಾನು ಹೈಸ್ಕೂಲು, ತಂಗಿ ನಿಮ್ಮ ಮಗಳ ವಯಸ್ಸಿನವಳು. ನನಗೆ ಶಾಲೆ ಹೇಗೋ ಒಗ್ಗಿತ್ತು, ಅವಳಿಗೆ ಒಗ್ಗಿರಲಿಲ್ಲ. ಇಂಗ್ಲಿಷ್ ಬರುತ್ತಿತ್ತು. ಆದರೆ ಅಲ್ಲಿನ ಮಕ್ಕಳು ಯಾವುದಕ್ಕೆ ನಗುತ್ತಾರೆ, ಯಾಕೆ ನಗುತ್ತಾರೆ ಅಂತ ಗೊತ್ತಾಗುತ್ತಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಒಬ್ಬಳೇ ಕೂರುತ್ತಿದ್ದಳು.

1986ರ ಫೆಬ್ರವರಿಯಲ್ಲಿ ಎಂಟಿವಿ ಅನ್ನುವ ಹಾಡುಗಳ ಚಾನೆಲ್‌ನವರು ಒಂದು ಭಾನುವಾರ ಮಂಕೀಸ್‌ನ ಹಳೆಯ ಕಂತುಗಳನ್ನು ಒಂದರ ಹಿಂದೆ ಒಂದು ಹಾಕಿದರು. ಅದು 1966ರಿಂದ 1968ರವರೆಗೆ ಎನ್‌ಬಿಸಿ ಚಾನೆಲ್‌ನಲ್ಲಿ ಬಂದು ಹೋಗಿದ್ದ ಧಾರಾವಾಹಿ, ಒಟ್ಟು 58 ಕಂತು. ನಮ್ಮ ವಯಸ್ಸಿನವರಿಗೆ ಮಾತ್ರ ಹೊಚ್ಚ ಹೊಸದು. ನಾಲ್ಕು ಹುಡುಗರು, ಸಮುದ್ರದ ದಂಡೆಯ ಮೇಲೊಂದು ಮನೆ, ಬಾಡಿಗೆಗೆ ದುಡ್ಡಿಲ್ಲ. ಹಾಡೋಕೆ ಅವಕಾಶ ಹುಡುಕಿಕೊಂಡು ಹೋದಲ್ಲೆಲ್ಲ ಒಂದು ಎಡವಟ್ಟು. ಡೇವಿಗೆ ಹೋದಲ್ಲೆಲ್ಲ ಒಬ್ಬಳು ಹುಡುಗಿ. ಮೈಕ್‌ಗೆ ಒಂದು ಉಣ್ಣೆ ಟೋಪಿ. ಪೀಟರ್ ಪೆದ್ದ. ಮಿಕಿಯ ಬಾಯಿಗೆ ಬಿಡುವೇ ಇಲ್ಲ. ಮಧ್ಯೆ ಮಧ್ಯೆ ಕ್ಯಾಮೆರಾ ಕಡೆ ತಿರುಗಿ ನಮ್ಮ ಹತ್ತಿರವೇ ಮಾತಾಡುತ್ತಾರೆ. ಹಾಡು ಶುರುವಾಯಿತೋ, ಕಥೆ ಅಲ್ಲೇ ನಿಂತು ಬರೀ ಓಡಾಟ, ಬೀಳಾಟ. ನಗಬೇಕಾದ ಜಾಗ ಯಾವುದು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಂಗಿ ಅದನ್ನು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡು ಮತ್ತೆ ಮತ್ತೆ ನೋಡಿದಳು. ಶಾಲೆಯಲ್ಲಿ ಅದೇ ಮಾತು ನಡೆಯುತ್ತಿತ್ತು. ನಿನಗೆ ಯಾರು ಇಷ್ಟ, ಡೇವಿನಾ ಮಿಕಿನಾ ಅಂತ ಯಾರೋ ಕೇಳಿದರಂತೆ. ಇವಳು ಮೈಕ್ ಅಂದಳಂತೆ. ಅಷ್ಟೇ, ಊಟದ ಟೇಬಲ್ಲಿನಲ್ಲಿ ಇವಳಿಗೂ ಜಾಗ ಸಿಕ್ಕಿತು. ಯಾರೋ ತಮ್ಮ ಮನೆ ಮುಂದೆ ಹಳೇ ಸಾಮಾನು ಮಾರುತ್ತಿದ್ದರು, ಅಪ್ಪ ಅಲ್ಲಿಂದ ಒಂದು ಗಿಟಾರ್ ತಂದುಕೊಟ್ಟರು. ಅದರಲ್ಲಿ ‘ಪ್ಲೆಸೆಂಟ್ ವ್ಯಾಲಿ ಸಂಡೇ’ ಹಾಡಿನ ಶುರುವಿನ ಗಿಟಾರ್ ತುಣುಕನ್ನು ಕಲಿಯೋಕೆ ಕೂತಳು. ಟೇಪ್ ಹಿಂದಕ್ಕೆ ಓಡಿಸೋದು, ಕೇಳೋದು, ತಂತಿ ಮೇಲೆ ಬೆರಳು ಹುಡುಕೋದು. ಎಡಗೈ ಬೆರಳ ತುದಿ ಕೆಂಪಗಾಗಿ ಸಿಪ್ಪೆ ಎದ್ದಿತ್ತು. ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು.

ನಾನು ಆಗ ‘ಒಳ್ಳೆಯ’ ಸಂಗೀತ ಕೇಳುವವನು. ಪುಸ್ತಕದಂಗಡಿಯಲ್ಲಿ ನಿಂತುಕೊಂಡೇ ಸಂಗೀತದ ಪತ್ರಿಕೆ ಓದಿ ಮುಗಿಸುತ್ತಿದ್ದೆ. ಅಲ್ಲಿ ಮಂಕೀಸ್ ಬಗ್ಗೆ ಓದಿದ್ದನ್ನೆಲ್ಲ ಒಂದು ರಾತ್ರಿ ಊಟಕ್ಕೆ ಕೂತಾಗ ಬಿಚ್ಚಿಟ್ಟೆ. ಇವರು ಗೆಳೆಯರೇ ಅಲ್ಲ. 1965ರಲ್ಲಿ ಹಾಲಿವುಡ್‌ನ ಪತ್ರಿಕೆಗಳಲ್ಲಿ ‘17ರಿಂದ 21 ವಯಸ್ಸಿನ ನಾಲ್ಕು ತಿಕ್ಕಲು ಹುಡುಗರು ಬೇಕು’ ಅಂತ ಜಾಹೀರಾತು ಕೊಟ್ಟು, 437 ಜನ ಬಂದು, ಅದರಲ್ಲಿ ಆರಿಸಿದ್ದು. ಬಾಬ್ ರಾಫೆಲ್ಸನ್, ಬರ್ಟ್ ಶ್ನೈಡರ್ ಅನ್ನುವ ಇಬ್ಬರು ಬೀಟಲ್ಸ್ ಸಿನಿಮಾ ನೋಡಿ, ಅಂಥದ್ದೇ ಟಿವಿಗೆ ಮಾಡೋಣ ಅಂತ ಹೊರಟವರು. ‘ಐ ಆಮ್ ಎ ಬಿಲೀವರ್’ ಬರೆದದ್ದು ನೀಲ್ ಡೈಮಂಡ್. ‘ಲಾಸ್ಟ್ ಟ್ರೇನ್ ಟು ಕ್ಲಾರ್ಕ್ಸ್‌ವಿಲ್’ ಬರೆದದ್ದು ಬಾಯ್ಸ್ ಮತ್ತು ಹಾರ್ಟ್ ಅನ್ನುವ ಜೋಡಿ. ವಾದ್ಯ ನುಡಿಸಿದ್ದು ಸ್ಟುಡಿಯೊದ ಕೂಲಿ ಕಲಾವಿದರು. ಕೊನೆಗೆ ಇಷ್ಟು ಸೇರಿಸಿದೆ: ‘ನೀನು ಬೆರಳು ಸವೆಸಿಕೊಂಡು ಕಲೀತಿದ್ದೀಯಲ್ಲ, ಅದನ್ನು ಅವರು ನುಡಿಸೇ ಇಲ್ಲ.’

ಅಮ್ಮ ಸಾರು ಬಡಿಸುತ್ತಾ, ‘ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ಹಾಡಲಿಲ್ವೇನೋ? ಹಾಗಂತ ಪಿಚ್ಚರ್ ನೋಡೋದು ಬಿಟ್ವಾ?’ ಅಂದರು. ನಾನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ತಂಗಿ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಗಿಟಾರ್ ಬಟ್ಟೆ ಅಲಮಾರಿಯೊಳಗೆ ಹೋಯಿತು.

ನಾನು ಮಾಡಿದ ತಪ್ಪು ಏನು ಅನ್ನೋದನ್ನು ಬಿಡಿಸಿ ಹೇಳಬೇಕು. ನೀವೂ ಅದನ್ನೇ ಮಾಡಲು ಹೊರಟಿದ್ದೀರಿ. ನಾನು ಸುಳ್ಳು ಹೇಳಿರಲಿಲ್ಲ. ಜಾಹೀರಾತು ನಿಜ, 437 ನಿಜ, ಮೊದಲ ಎರಡು ಆಲ್ಬಮ್‌ಗಳಲ್ಲಿ ವಾದ್ಯ ಹೆಚ್ಚುಕಡಿಮೆ ಎಲ್ಲವೂ ಬೇರೆಯವರದು ಅನ್ನೋದೂ ನಿಜ. ಆದರೆ ನನ್ನ ಕಥೆ 1967ರ ಜನವರಿಗೆ ನಿಂತುಬಿಟ್ಟಿತ್ತು. ನಿಜವಾದ ಕಥೆ ಶುರುವಾಗುವುದೇ ಅಲ್ಲಿಂದ.

ಆ ತಿಂಗಳು ಅವರ ಎರಡನೇ ಆಲ್ಬಮ್ ಅಂಗಡಿಗೆ ಬಂತು. ಹಾಡಿದ ನಾಲ್ವರಿಗೇ ಅದು ಬರುವ ವಿಷಯ ಗೊತ್ತಿರಲಿಲ್ಲ. ಹಾಡುಗಳ ಉಸ್ತುವಾರಿ ಇದ್ದದ್ದು ಡಾನ್ ಕಿರ್ಷ್‌ನರ್ ಕೈಯಲ್ಲಿ. ಯಾವ ಹಾಡು, ಯಾರು ನುಡಿಸಬೇಕು, ಯಾವುದು ಹೊರಗೆ ಬರಬೇಕು, ಎಲ್ಲ ಅವರದೇ ತೀರ್ಮಾನ. ಮೈಕ್ ನೆಸ್ಮಿತ್ ಪತ್ರಿಕೆಯವರನ್ನು ಕರೆದು, ನಮ್ಮ ರೆಕಾರ್ಡ್‌ಗಳಲ್ಲಿ ನುಡಿಸುತ್ತಿರುವವರು ನಾವಲ್ಲ ಅಂತ ತಾವೇ ಹೇಳಿಬಿಟ್ಟರು. ಅಂದರೆ ನಾನು ಯಾವುದನ್ನು ದೊಡ್ಡ ಗುಟ್ಟು ಅಂತ ಊಟದ ಹೊತ್ತಿನಲ್ಲಿ ಬಯಲು ಮಾಡಿದೆನೋ, ಅದನ್ನು ಹತ್ತೊಂಬತ್ತು ವರ್ಷ ಮೊದಲೇ ಬಯಲು ಮಾಡಿದ್ದು ಮಂಕೀಸ್! ಬೆವರ್ಲಿ ಹಿಲ್ಸ್ ಹೋಟೆಲ್ಲಿನಲ್ಲಿ ಮಾತುಕತೆ ಕಾವೇರಿ ನೆಸ್ಮಿತ್ ಗೋಡೆಗೆ ಗುದ್ದಿದರು. ಸ್ವಲ್ಪ ದಿನಕ್ಕೆ ಕಿರ್ಷ್‌ನರ್ ಕೆಲಸ ಹೋಯಿತು.

ಅದೇ ವರ್ಷ ಮೇ ತಿಂಗಳಲ್ಲಿ ‘ಹೆಡ್‌ಕ್ವಾರ್ಟರ್ಸ್’ ಬಂತು. ಗಿಟಾರ್ ನೆಸ್ಮಿತ್, ಕೀಬೋರ್ಡು ಮತ್ತು ಬ್ಯಾಂಜೊ ಪೀಟರ್ ಟಾರ್ಕ್, ಡ್ರಮ್ಸ್ ಮಿಕಿ ಡೋಲೆನ್ಜ್. ಮಿಕಿ ಬಾಲನಟರಾಗಿದ್ದವರು, ಈ ಧಾರಾವಾಹಿಗಾಗಿಯೇ ಡ್ರಮ್ಸ್ ಕಲಿತವರು. ಕೇಳಿದರೆ ಅಲ್ಲಲ್ಲಿ ತಾಳ ಅಳ್ಳಕ ಅನ್ನಿಸುತ್ತದೆ. ಆದರೂ ನಾಲ್ವರ ಆಲ್ಬಮ್‌ಗಳಲ್ಲಿ ನನಗೆ ಅದೇ ಹೆಚ್ಚು. ಅದು ಒಂದು ವಾರ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತು. ಆಮೇಲೆ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್’ ಬಂದು ಮೊದಲ ಸ್ಥಾನ ಹಿಡಿಯಿತು, ಇವರು ಹನ್ನೊಂದು ವಾರ ಎರಡನೆಯವರಾಗಿ ಅದರ ಬೆನ್ನಿಗೇ ಇದ್ದರು.

ಇನ್ನು ‘ಪ್ಲೆಸೆಂಟ್ ವ್ಯಾಲಿ ಸಂಡೇ’. ಹಾಡು ಬರೆದವರು ಗಾಫಿನ್ ಮತ್ತು ಕ್ಯಾರೊಲ್ ಕಿಂಗ್. ಡ್ರಮ್ಸ್ ಹೊರಗಿನವರದು. ಪಿಯಾನೊ ಟಾರ್ಕ್. ಆ ಶುರುವಿನ ಗಿಟಾರ್ ಮೈಕ್ ನೆಸ್ಮಿತ್ ಅವರದು. ನನ್ನ ತಂಗಿ ಬೆರಳು ಸವೆಸಿಕೊಂಡು ಕಲಿಯುತ್ತಿದ್ದದ್ದು ಅವಳ ಇಷ್ಟದ ಮೈಕ್ ಸ್ವತಃ ನುಡಿಸಿದ್ದನ್ನೇ. ಅದನ್ನೇ ನಾನು ‘ಅವರು ನುಡಿಸಿಲ್ಲ’ ಅಂದದ್ದು. ಪೂರ್ತಿ ಗೊತ್ತಿಲ್ಲದ ವಿಷಯವನ್ನು, ಅವಳು ಕೇಳದೇ ಇದ್ದಾಗ, ಅವಳ ಬಾಯಿ ಮುಚ್ಚಿಸಲು ಬಳಸಿದೆ. ನನಗೆ ಬೇಕಿದ್ದದ್ದು ಅವಳಿಗೆ ವಿಷಯ ತಿಳಿಯಲಿ ಅನ್ನೋದಲ್ಲ. ಅವಳ ಖುಷಿ ನನ್ನದಕ್ಕಿಂತ ಕಮ್ಮಿ ದರ್ಜೆಯದು ಅಂತ ಅವಳೇ ಒಪ್ಪಬೇಕಿತ್ತು.

1986ರ ಆ ಬೇಸಿಗೆಯಲ್ಲಿ ಡೇವಿ, ಮಿಕಿ, ಪೀಟರ್ ಮೂವರೂ ಮತ್ತೆ ಸೇರಿ ಊರೂರು ಸುತ್ತಿ ಹಾಡಿದರು. ನಮ್ಮ ಕಡೆಗೂ ಬಂದರು. ಅಪ್ಪ ಟಿಕೆಟ್ ತರುತ್ತೇನೆ ಅಂದರೆ ಅವಳು ಬೇಡ ಅಂದಳು. ಅದಾದ ಮೇಲೆ ಅವಳು ಯಾವ ಹಾಡು ಕೇಳುತ್ತಾಳೆ, ಏನು ಇಷ್ಟ ಅಂತ ನನಗೆ ಗೊತ್ತೇ ಆಗಲಿಲ್ಲ. ನಾನು ಕೋಣೆಗೆ ಬಂದರೆ ಟೇಪ್ ನಿಲ್ಲುತ್ತಿತ್ತು. ಜಗಳ ಇರಲಿಲ್ಲ, ಮಾತುಕತೆ ಚೆನ್ನಾಗಿಯೇ ಇತ್ತು. ಹಾಡಿನ ವಿಷಯ ಒಂದು ಬಿಟ್ಟು.

2012ರ ಫೆಬ್ರವರಿ 29ಕ್ಕೆ ಡೇವಿ ಜೋನ್ಸ್ ತೀರಿಕೊಂಡರು. ನಾನು ಅಷ್ಟು ಹೊತ್ತಿಗೆ ಬೆಂಗಳೂರಿಗೆ ವಾಪಸ್ ಬಂದಿದ್ದೆ. ಸುದ್ದಿ ನೋಡಿ ಅವಳಿಗೆ ಫೋನ್ ಮಾಡುವ ಮೊದಲು, ಏನಾದರೂ ಮಾತಾಡೋಕೆ ಇರಲಿ ಅಂತ ಕೂತು ಓದಿದೆ. ಹೆಡ್‌ಕ್ವಾರ್ಟರ್ಸ್ ಕಥೆ ನನಗೆ ಗೊತ್ತಾಗಿದ್ದೇ ಆಗ. ‘ಅವರೇ ನುಡಿಸಿದ್ದರಂತೆ ಕಣೇ’ ಅಂದೆ. ‘ಗೊತ್ತಣ್ಣ, ಆವಾಗಲೇ ಲೈಬ್ರರಿಯಲ್ಲಿ ಓದಿದ್ದೆ. ನಿಂಗೆ ಹೇಳೋಣ ಅಂತ ಬಂದೆ, ಆಮೇಲೆ ಯಾಕೆ ಸುಮ್ನೆ ಅನ್ನಿಸ್ತು’ ಅಂದಳು. ಅವಳ ದನಿಯಲ್ಲಿ ಕೋಪ ಇರಲಿಲ್ಲ. ನನಗೆ ಮಾತ್ರ ಇವತ್ತಿಗೂ ಅದು ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆ. ‘ನಿಜವಾದ ಬ್ಯಾಂಡ್’ ಅನ್ನುವ ನಿಮ್ಮ ಅಳತೆಗೋಲೇ ನನಗೆ ಒಪ್ಪಿಗೆ ಇಲ್ಲ. ಆ ಕಾಲದ ಲಾಸ್ ಏಂಜಲಿಸ್‌ನಲ್ಲಿ ಸ್ಟುಡಿಯೊ ಕಲಾವಿದರು ಯಾರಿಗೆ ನುಡಿಸಿರಲಿಲ್ಲ? ಬರ್ಡ್ಸ್ ತಂಡದ ‘ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್’ ಹಾಡಿನಲ್ಲಿ ತಂಡದವರ ಪೈಕಿ ವಾದ್ಯ ನುಡಿಸಿದ್ದು ರೋಜರ್ ಮೆಗ್ವಿನ್ ಒಬ್ಬರೇ. ಬೀಚ್ ಬಾಯ್ಸ್ ತಂಡದ ‘ಪೆಟ್ ಸೌಂಡ್ಸ್’ ಆಲ್ಬಮ್ ಕೂಡ ಬಹುಪಾಲು ಹೊರಗಿನವರ ವಾದ್ಯ. ಅವರನ್ನು ಯಾರೂ ನಕಲಿ ಅನ್ನುವುದಿಲ್ಲ. ಮಂಕೀಸ್ ಬೈಸಿಕೊಂಡದ್ದು ಟಿವಿಯಲ್ಲಿ ಬಂದರು, ಹುಡುಗಿಯರು ಕಿರುಚಿದರು ಅನ್ನೋ ಕಾರಣಕ್ಕೆ. ಚಿಕ್ಕ ಹುಡುಗಿಯರಿಗೆ ಇಷ್ಟವಾದದ್ದು ಏನೇ ಇರಲಿ, ಅದು ಕಳಪೆ ಅಂತ ತೀರ್ಮಾನ ಮಾಡುವ ಚಾಳಿ ನಮ್ಮಲ್ಲೂ ಬೇಕಾದಷ್ಟಿದೆ. ಇನ್ನು ಆ ಧಾರಾವಾಹಿಯೇನೂ ಕಡಿಮೆಯದಲ್ಲ. 1967ರಲ್ಲಿ ಅತ್ಯುತ್ತಮ ಹಾಸ್ಯ ಸರಣಿಯ ಎಮ್ಮಿ, ಅಂದರೆ ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿ, ಬಂದದ್ದು ಅದಕ್ಕೇ.

ಕೇಳಲೇಬೇಕಾದ ಪ್ರಶ್ನೆ ಇದ್ದರೆ ಅದು ಹಿಡಿತ ಯಾರ ಕೈಯಲ್ಲಿತ್ತು ಅನ್ನೋದು. ಕಿರ್ಷ್‌ನರ್ ಅಲ್ಲಿಂದ ಹೊರಬಿದ್ದ ಮೇಲೆ ‘ದಿ ಆರ್ಚೀಸ್’ ಅನ್ನುವ ಕಾರ್ಟೂನ್ ಬ್ಯಾಂಡ್‌ಗೆ ಹಾಡು ಮಾಡಿಸಿದರು. 1969ರಲ್ಲಿ ಅವರ ‘ಶುಗರ್ ಶುಗರ್’ ನಂಬರ್ ಒನ್. ಕಾರ್ಟೂನ್ ಗೊಂಬೆಗಳು ಗೋಡೆಗೆ ಗುದ್ದುವುದಿಲ್ಲ, ಅಲ್ವಾ? ಇದನ್ನು ನಿಮ್ಮ ಮಗಳಿಗೆ ಹೇಳಿ ನೋಡಿ, ಕಣ್ಣರಳಿಸಿ ಕೇಳುತ್ತಾಳೆ. ಆದರೆ ಅವಳು ಕೇಳಿದಾಗ ಮಾತ್ರ, ಮತ್ತು ಮೇ 1967ರವರೆಗೂ ಪೂರ್ತಿ ಹೇಳಿ.

ಬೀಟಲ್ಸ್ ಕಡೆ ಎಳೆಯಬೇಡಿ. ಅವಳೇ ಹೋಗುತ್ತಾಳೆ. ದಾರಿ ಈ ಧಾರಾವಾಹಿಯೊಳಗೇ ಇದೆ. ನೆಸ್ಮಿತ್, ಮಿಕಿ ಇಬ್ಬರೂ ಲಂಡನ್ನಿನಲ್ಲಿ ಸಾರ್ಜೆಂಟ್ ಪೆಪ್ಪರ್ ರೆಕಾರ್ಡಿಂಗ್ ನೋಡಲು ಹೋಗಿದ್ದವರು. ಬೀಟಲ್ಸ್‌ಗೆ ಇವರ ಬಗ್ಗೆ ಅಸಡ್ಡೆ ಇರಲಿಲ್ಲ, ನಮಗ್ಯಾಕೆ? ಅವಳ ಪಕ್ಕದಲ್ಲಿ ಕೂತು ನಾಲ್ಕು ಕಂತು ನೋಡಿ, ನಗು ಬಂದಲ್ಲಿ ನಗಿ. ಯಾರು ಇಷ್ಟ ಅಂತ ಕೇಳಿ, ಯಾಕೆ ಅಂತಲೂ ಕೇಳಿ. 1968ರ ‘ಹೆಡ್’ ಸಿನಿಮಾ ಮಾತ್ರ ಈಗಲೇ ಬೇಡ. ಅದರಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಲ್ಲುವ ನಿಜವಾದ ದೃಶ್ಯ ಇದೆ, ಹದಿಮೂರಕ್ಕೆ ಅದು ಜಾಸ್ತಿಯಾಯಿತು.

ಗಿಟಾರ್ ಬೇಕು ಅಂದರೆ ಕೊಡಿಸಿ. ಹಳೆಯದಾದರೂ ಪರವಾಗಿಲ್ಲ, ತಂತಿ ಹೊಸದು ಹಾಕಿಸಿ, ತಂತಿಯ ಎತ್ತರ ಸ್ವಲ್ಪ ತಗ್ಗಿಸಿಕೊಡಲು ಅಂಗಡಿಯವರಿಗೆ ಹೇಳಿ, ಬೆರಳು ಅಷ್ಟು ನೋಯುವುದಿಲ್ಲ. ಪ್ಲೆಸೆಂಟ್ ವ್ಯಾಲಿ ಸಂಡೇ ಮೊದಲಿಗೇ ಕಷ್ಟ. ಐ ಆಮ್ ಎ ಬಿಲೀವರ್‌ನಿಂದ ಶುರು ಮಾಡಲಿ. ಜಿ, ಸಿ, ಡಿ ಮೂರು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಕೈಗೆ ಕೂತರೆ ಆ ಹಾಡು ಮುಕ್ಕಾಲು ಬಂದ ಹಾಗೆ.