ಕೂಲರ್ ಮುಟ್ಟಿದರೆ ಜುಮ್ ಅನ್ನುತ್ತದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮನೆ. ಮೇನ್ ಬೋರ್ಡಿನಲ್ಲಿ ಇನ್ನೂ ಪಿಂಗಾಣಿ ಫ್ಯೂಸುಗಳೇ ಇವೆ. ಬ್ಯಾಸಿಗಿ ಬಂದು ಕೂಲರ್ ಹಚ್ಚಿದಾಗೆಲ್ಲ ಫ್ಯೂಸ್ ಹೋಗುತ್ತಿತ್ತು. ಪರಿಚಯದವರೊಬ್ಬರು ದಪ್ಪ ತಾಮ್ರದ ಎಳೆ ಸುತ್ತಿ, "ಇನ್ನ ಹೋಗಂಗಿಲ್ಲ ಬಿಡ್ರಿ" ಅಂದರು. ನಿಜ, ಈಗ ಹೋಗುತ್ತಿಲ್ಲ. ಆದರೆ ನೀರು ತುಂಬುವಾಗ ಕೂಲರ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ. ಚಪ್ಪಲಿ ಹಾಕಿದ್ದರೆ ಏನೂ ಆಗುವುದಿಲ್ಲ. ಯಾಕೆ?
— ಓದುಗರು, ಕಲಬುರಗಿ

ಉತ್ತರ: ಅಕ್ಕಾ, ಮೊದಲು ಹೋಗಿ ಆ ಕೂಲರಿನ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ಬನ್ನಿ. ಉಳಿದದ್ದು ಆಮೇಲೆ ಓದಿ.

ಮನೆಯ ಕೂಲರ್ ಎಳೆಯುವುದು ಹೆಚ್ಚೆಂದರೆ ಒಂದು ಆಂಪಿಯರ್ ಆಸುಪಾಸು. ಅಷ್ಟಕ್ಕೆ 5 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತಿತ್ತು ಎಂದರೆ ಮೋಟಾರೋ ಪಂಪೋ ಕೆಟ್ಟಿದೆ, ಇಲ್ಲವೇ ಅದೇ ಲೈನಿನಲ್ಲಿ ಇಸ್ತ್ರಿ ಪೆಟ್ಟಿಗೆಯೋ ಇನ್ನೇನೋ ಇದೆ. ಫ್ಯೂಸ್ ಅದನ್ನೇ ಹೇಳುತ್ತಿತ್ತು, ನಿಮ್ಮ ಪರಿಚಯದವರು ಅದರ ಬಾಯಿ ಮುಚ್ಚಿಸಿದರು. ಈಗ ಜಾಸ್ತಿ ಕರೆಂಟ್ ಹರಿದರೆ ತಾಮ್ರದ ಎಳೆ ಕರಗುವುದಿಲ್ಲ, ಗೋಡೆಯ ಮೇಲಿನ ಹಳೇ ವೈರೇ ಕಾಯುತ್ತದೆ, ಅದೂ ಮರದ ಪಟ್ಟಿಯ ಮೇಲೆ, ಮರದ ತೊಲೆಗಳ ಪಕ್ಕದಲ್ಲಿ.

ಜುಮ್ ಅನ್ನುವುದು ಬೇರೆ ಕತೆ. ಮೋಟಾರಿನ ಸುರುಳಿಗೆ ತೇವ ಹತ್ತಿ ಕರೆಂಟ್ ತಗಡಿನ ಮೈಗೆ ಸೋರುತ್ತಿದೆ. ಅರ್ಥ್ ತಂತಿ ಇದ್ದರೆ ಅದು ನೆಲಕ್ಕೆ ಇಳಿಯುತ್ತಿತ್ತು. ಇಲ್ಲವಾದ್ದರಿಂದ, ಒದ್ದೆ ಪರಸಿ ಕಲ್ಲಿನ ನೆಲದ ಮೇಲೆ ಬರಿಗಾಲಲ್ಲಿ ನಿಂತ ನೀವೇ ದಾರಿ. ಇದನ್ನು ಯಾವ ಫ್ಯೂಸೂ ತಡೆಯುವುದಿಲ್ಲ, ಎಂಸಿಬಿ (ಜಾಸ್ತಿ ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಕೂಡ ತಡೆಯುವುದಿಲ್ಲ. ಮನುಷ್ಯನ ಜೀವಕ್ಕೆ 30 ಮಿಲಿಆಂಪಿಯರ್ ದಾಟಿದರೆ ಅಪಾಯ, ಅದು 5 ಆಂಪಿಯರ್‌ನ ನೂರರಲ್ಲೊಂದು ಪಾಲೂ ಅಲ್ಲ. ಆ ಕೆಲಸಕ್ಕೆ ಇರುವ ಸ್ವಿಚ್ಚೇ ಆರ್‌ಸಿಸಿಬಿ. ಹೋದ ಕರೆಂಟು, ವಾಪಸ್ ಬಂದ ಕರೆಂಟು ಎರಡನ್ನೂ ಹೋಲಿಸಿ, ವ್ಯತ್ಯಾಸ ಕಂಡ ಕೂಡಲೇ ಕಡಿಯುತ್ತದೆ. ಮನೆಗೆ 30 ಮಿಲಿಆಂಪಿಯರ್‌ದೇ ಕೇಳಿ, 100ರದ್ದು ಬೇಡ.

ಮೂರು ಪಿನ್ನಿನ ಪ್ಲಗ್ ಹಾಕಿಸಿ. ಮೇಲಿನ ದಪ್ಪ ಪಿನ್ ಉದ್ದ ಇರುವುದು ಸುಮ್ನೆ ಅಲ್ಲ, ಅರ್ಥ್ ಎಲ್ಲಕ್ಕಿಂತ ಮೊದಲು ಸೇರಿ ಕೊನೆಗೆ ಬಿಡಲಿ ಎಂದು. ಕೆಲವರು ಸಾಕೆಟ್ಟಿನೊಳಗೆ ಅರ್ಥನ್ನು ನ್ಯೂಟ್ರಲಿಗೇ (ಕರೆಂಟ್ ವಾಪಸ್ ಹೋಗುವ ವೈರು) ಸೇರಿಸಿ ಕೈ ತೊಳೆದುಕೊಳ್ಳುತ್ತಾರೆ. ನ್ಯೂಟ್ರಲ್ ತುಂಡಾದ ದಿನ ಇಡೀ ಕೂಲರಿನ ಮೈಗೆ 230 ವೋಲ್ಟ್ ಬರುತ್ತದೆ!

ಇನ್ನೊಂದು. ಹಳೇ ಬೋರ್ಡುಗಳಲ್ಲಿ ಜೋಡಿ ಫ್ಯೂಸ್ ಇರುತ್ತವೆ, ಒಂದು ಫೇಸಿಗೆ (ಕರೆಂಟ್ ಬರುವ ವೈರು), ಒಂದು ನ್ಯೂಟ್ರಲಿಗೆ. ನ್ಯೂಟ್ರಲಿನದು ಹೋದರೆ ದೀಪ ಆರುತ್ತದೆ, ವೈರಿನಲ್ಲಿ ಕರೆಂಟ್ ಹಾಗೇ ಇರುತ್ತದೆ. ನ್ಯೂಟ್ರಲಿಗೆ ಫ್ಯೂಸ್ ಹಾಕುವಂತಿಲ್ಲ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮವೇ ಇದೆ. ಅದೇ ನಿಯಮದಲ್ಲಿ ಫ್ಯೂಸ್, ಬಲ್ಬು, ಸ್ವಿಚ್ಚು ಬದಲಿಸಲು ಯಾರ ಲೈಸೆನ್ಸೂ ಬೇಡ, ಆದರೆ ಬೋರ್ಡ್ ಬದಲಿಸಿ ಹೊಸ ವೈರಿಂಗ್ ಮಾಡಲು ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕು. ನಿಮ್ಮ ಮನೆಗೆ ಬೇಕಾದದ್ದು ಎರಡನೆಯದು.

ಪ್ರಶ್ನೆ: ಆರ್‌ಸಿಸಿಬಿ ಹಾಕಿಸಿದ ದಿನದಿಂದ ಬೀಳುತ್ತಲೇ ಇದೆ. ಮೇಸ್ತ್ರಿ ತೆಗೆದುಹಾಕೋಣ ಅನ್ನುತ್ತಾರೆ.
— ಓದುಗರು, ಹುಮನಾಬಾದ್

ಉತ್ತರ: ಬೇಡವೇ ಬೇಡ. ಮನೆಯಲ್ಲಿ ಇನ್ವರ್ಟರ್ ಇದೆಯಾ? ಇದ್ದರೆ ಅನುಮಾನ ಅದರ ಮೇಲೇ. ಇನ್ವರ್ಟರಿನ ಫೇಸ್ ಒಂದು ದಾರಿಯಲ್ಲಿ ಹೋಗಿ ನ್ಯೂಟ್ರಲ್ ಆರ್‌ಸಿಸಿಬಿ ಮೂಲಕ ವಾಪಸಾದರೆ ಲೆಕ್ಕ ತಪ್ಪುತ್ತದೆ, ಅದು ಬೀಳುತ್ತದೆ. ಇಲ್ಲದಿದ್ದರೆ ಎಲ್ಲ ಪ್ಲಗ್ ಕಿತ್ತು, ಒಂದೊಂದೇ ಹಾಕುತ್ತಾ ಬನ್ನಿ. ಯಾವುದಕ್ಕೆ ಬಿತ್ತೋ ಅದೇ ಕಳ್ಳ. ಯಾವುದೂ ಸಿಗದಿದ್ದರೆ ನ್ಯೂಟ್ರಲ್ ಎಲ್ಲೋ ಅರ್ಥಿಗೆ ತಾಗಿದೆ. ಅದನ್ನು ಹುಡುಕಲು ಮೇಸ್ತ್ರಿಗೆ ಬೇಜಾರು, ಅಷ್ಟೇ.

ಪ್ರಶ್ನೆ: ಅರ್ಥ್ ಗುಂಡಿಗೆ ಬ್ಯಾಸಿಗಿಯಲ್ಲಿ ನೀರು ಹಾಕಲೇಬೇಕಾ?
— ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಹಾಕಲೇಬೇಕು. ನಿಮ್ಮ ಕಡೆಯ ಎರೆಮಣ್ಣು ಒಣಗಿ ಬಿರುಕು ಬಿಟ್ಟರೆ ಗುಂಡಿಯಲ್ಲಿ ಹೂತ ಅರ್ಥ್ ಪೈಪಿನಿಂದಲೇ ದೂರ ಸರಿಯುತ್ತದೆ. ಮಳೆ ಬೀಳುವ ತನಕ ಆಗಾಗ ಎರಡು ಕೊಡ ನೀರು ಹಾಕಿ. ಮೀಟರಿನ ಹಿಂದಿನ ಸೀಲ್ ಹಾಕಿದ ಕಟೌಟ್ (ಮೇನ್ ಫ್ಯೂಸ್) ಮಾತ್ರ ನೀವು ಮುಟ್ಟಬೇಡಿ, ಅದು ವಿದ್ಯುತ್ ಕಂಪನಿ ಜೆಸ್ಕಾಂನವರ ಕೆಲಸ, 1912ಕ್ಕೆ ಫೋನ್ ಮಾಡಿ.