ಹಂಗೇರಿಯ ಸಂಗೀತೋತ್ಸವದಲ್ಲಿ ರೊಮೇನಿಯನ್, ಸ್ಲೋವಾಕ್ ಹೆಸರುಗಳೇಕೆ?

ನೀವು ಕೇಳಿರುವುದು ಇಷ್ಟು: ವಸಂತದಲ್ಲಿ ಬುಡಾಪೆಸ್ಟ್‌ನಲ್ಲಿರುತ್ತೀರಿ, ಅಲ್ಲಿನ 'ಬಾರ್ಟೋಕ್ ವಸಂತ' ಉತ್ಸವಕ್ಕೆ ಹೋಗುವ ಮನಸ್ಸಿದೆ. ಆದರೆ ಹಂಗೇರಿಯ ಸಂಗೀತವೆಂದು ಹುಡುಕಿದರೆ ರೊಮೇನಿಯನ್ ನೃತ್ಯ, ಸ್ಲೋವಾಕ್ ಹಾಡು ಎಂದೇ ಸಿಗುತ್ತಿದೆ. ಇದೆಂಥ ಕಲಬೆರಕೆ, ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇದರಲ್ಲಿ ಏನು ದಕ್ಕೀತು?

ನಾನು ಪಿಟೀಲು ಕಲಿತವನು, ಹಂಗೇರಿಯ ಸಂಗೀತ ರಚನಕಾರ ಬಾರ್ಟೋಕ್‌ನ ಹುಚ್ಚು ಹತ್ತಿಸಿಕೊಂಡು ಬಹಳ ಕಾಲವಾಯಿತು. ನನ್ನನ್ನು ಕೇಳಿದರೆ ಇಲ್ಲಿ ಕಲಬೆರಕೆಯೇನೂ ಇಲ್ಲ. ಹಾಡುಗಳು ಮೊದಲೇ ಇದ್ದವು, ಗಡಿ ಆಮೇಲೆ ಬಂತು. ಬೇಲಾ ಬಾರ್ಟೋಕ್ 1881ರಲ್ಲಿ ಹುಟ್ಟಿದ ಊರು ಈಗ ರೊಮೇನಿಯಾದಲ್ಲಿದೆ. ತಂದೆ ತೀರಿಕೊಂಡ ಮೇಲೆ ತಾಯಿ ಮಕ್ಕಳೊಂದಿಗೆ ಹೋಗಿ ನೆಲೆಸಿದ ಊರು ಈಗ ಉಕ್ರೇನಿನದು. ಅವನು ಓದಿದ ಪೊಜೋನಿ ಇಂದಿನ ಸ್ಲೋವಾಕಿಯಾದ ರಾಜಧಾನಿ ಬ್ರಾಟಿಸ್ಲಾವಾ. ಅವನಂತೆಯೇ ಸಂಗೀತ ರಚನಕಾರನಾದ ಗೆಳೆಯ ಜೋಲ್ತಾನ್ ಕೊದಾಯ್ ಬಾಲ್ಯ ಕಳೆದ ಗಲಾಂತಾ ಕೂಡ ಈಗ ಸ್ಲೋವಾಕಿಯಾದ್ದೇ. ಮೊದಲ ಮಹಾಯುದ್ಧದಲ್ಲಿ ಸೋತ ಹಂಗೇರಿ 1920ರ ಜೂನ್ 4ರ ತ್ರಿಯಾನೋನ್ ಒಪ್ಪಂದದಲ್ಲಿ ತನ್ನ ನೆಲದ ಸುಮಾರು ಮೂರನೆಯ ಎರಡು ಪಾಲನ್ನು ಕಳೆದುಕೊಂಡಿತು. ಇಬ್ಬರೂ ಅದಕ್ಕೂ ಎಷ್ಟೋ ಮುಂಚೆ ಫೋನೋಗ್ರಾಫ್ ಹೊತ್ತು ಹಳ್ಳಿ ಸುತ್ತಿ, ಮೇಣದ ಉರುಳೆಗಳ ಮೇಲೆ ಮುದುಕಿಯರ, ಕುರಿಗಾಹಿಗಳ ಹಾಡು ಹಿಡಿದಿದ್ದರು. ಬಾರ್ಟೋಕ್ ಸ್ಲೋವಾಕ್ ಮತ್ತು ರೊಮೇನಿಯನ್ ಭಾಷೆಗಳನ್ನೂ ಕಲಿತ. ಅವನು ಕೂಡಿಹಾಕಿದ ರೊಮೇನಿಯನ್ ಹಾಡುಗಳೇ ಮೂರು ಸಾವಿರ ದಾಟುತ್ತವೆ.

ಇದಕ್ಕೆ ಅವನಿಗೆ ಸಿಕ್ಕ ಮರ್ಯಾದೆಯನ್ನೂ ಕೇಳಿ. ಯುದ್ಧ ಮುಗಿದ ಮೇಲೆ ರೊಮೇನಿಯನ್ ಜನಪದ ಸಂಗೀತದ ಬಗ್ಗೆ ಒಂದು ಲೇಖನ ಪ್ರಕಟವಾದದ್ದೇ ತಡ, ಬುಡಾಪೆಸ್ಟ್‌ನ ದೇಶಭಕ್ತರು ದ್ರೋಹಿ ಎಂದರು. ಅತ್ತ ರೊಮೇನಿಯಾದಲ್ಲಿಯೂ ಅವನನ್ನು ಅನುಮಾನದಿಂದ ನೋಡುವವರಿದ್ದರು. 'ಹಂಗೇರಿಯ ರೊಮೇನಿಯನ್ ಜನಪದ ನೃತ್ಯಗಳು' ಎಂದು 1915ರಲ್ಲಿ ಬರೆದ ಕೃತಿಯ ಹೆಸರಿನಿಂದ 'ಹಂಗೇರಿಯ' ಎಂಬುದು ಆಮೇಲೆ ಬಿದ್ದುಹೋಯಿತು. ಸ್ವರ ಮಾತ್ರ ಒಂದೂ ಬದಲಾಗಲಿಲ್ಲ.

ನೀವು ಮೊದಲು ಕೇಳಬೇಕಾದದ್ದೂ ಇದನ್ನೇ. ಆರು ಪುಟ್ಟ ನೃತ್ಯಗಳು, ಎಲ್ಲ ಸೇರಿ ಏಳೆಂಟು ನಿಮಿಷವೂ ಆಗುವುದಿಲ್ಲ. ಪಿಟೀಲು–ಪಿಯಾನೋ ರೂಪ ಸಿಕ್ಕರೆ ಮೂರನೆಯ ನೃತ್ಯ ಬರುವಾಗ ಪಿಟೀಲು ವಾದಕರ ಎಡಗೈ ನೋಡಿ. ಒಂದು ಬೆರಳು ತಂತಿಯನ್ನು ಒತ್ತಿರುತ್ತದೆ, ಇನ್ನೊಂದು ಸುಮ್ಮನೆ ಸೋಕಿರುತ್ತದೆ. ಅದರಿಂದ ಹೊರಡುವ ತೆಳ್ಳನೆಯ ನಾದ ಪಿಟೀಲಿನದಲ್ಲ, ಕುರಿಗಾಹಿಯ ಕೊಳಲಿನದೇ ಅನ್ನಿಸುತ್ತದೆ. ಕೆಳಗೆ ಪಿಯಾನೋ ಅಲುಗದೆ ಶ್ರುತಿ ಹಿಡಿದು ಕೂತಿರುತ್ತದೆ. ನಾನು ಇದನ್ನು ನುಡಿಸಲು ಹೋದಾಗಲೆಲ್ಲ ಬೆರಳು ಕೂದಲೆಳೆಯಷ್ಟು ಜಾರಿದರೂ ಕೊಳಲು ಹೋಗಿ ಬರೀ ಕೀರಲು ಉಳಿಯುತ್ತದೆ.

ನಿಮ್ಮ ರಾಗಜ್ಞಾನವೂ ಉಪಯೋಗಕ್ಕೆ ಬರುತ್ತದೆ. ಹಂಗೇರಿಯ ಹಳೆಯ ಶೈಲಿಯ ಹಾಡುಗಳದು ಐದು ಸ್ವರಗಳ ಶ್ರೇಣಿ: ಷಡ್ಜ, ಸಾಧಾರಣ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಕೈಶಿಕಿ ನಿಷಾದ. ನಮ್ಮ ಶುದ್ಧ ಧನ್ಯಾಸಿಯ ಸ್ವರಗಳೇ. ಗಮಕ ಹುಡುಕಬೇಡಿ, ರಾಗ ಅನ್ನಲೂ ಬೇಡಿ. ಹಾಡಿನ ಮೊದಲರ್ಧ ಮೇಲೆ ಹಾಡಿದ್ದನ್ನು ಉತ್ತರಾರ್ಧ ಪಂಚಮದಷ್ಟು ಕೆಳಗಿಳಿಸಿ ಹಾಡುತ್ತದಲ್ಲ, ಅದನ್ನು ಗಮನಿಸಿ. ಒಮ್ಮೆ ಕಿವಿಗೆ ಬಿದ್ದರೆ ಕೊದಾಯ್‌ನ ಎಷ್ಟೋ ಕೃತಿಗಳಲ್ಲಿ ತಾನಾಗಿ ಕಾಣಿಸುತ್ತದೆ. ಹತ್ತೊಂಬತ್ತನೆಯ ಶತಮಾನದ ಪಿಯಾನೋ ವಾದಕ, ರಚನಕಾರ ಲಿಸ್ಟ್‌ನಿಂದಾಗಿ ಜಗತ್ತು 'ಹಂಗೇರಿಯನ್' ಎಂದು ಗುರುತಿಸುವ ಸ್ವರಶ್ರೇಣಿ ಬೇರೆಯೇ, ಅದು ಸಿಂಹೇಂದ್ರಮಧ್ಯಮದ್ದು. ಅದು ನಗರದ ಹೋಟೆಲುಗಳ ವಾದ್ಯಗೋಷ್ಠಿಗಳ ಬಳುವಳಿ ಎಂದು ಬಾರ್ಟೋಕ್‌ಗೆ ತಾತ್ಸಾರ. ನನಗೇನೋ ಎರಡೂ ಇಷ್ಟ. ತಾಳದ ರುಚಿ ಬೇಕಿದ್ದರೆ ಬಾರ್ಟೋಕ್‌ನ 'ಮೈಕ್ರೋಕಾಸ್ಮೋಸ್' ಎಂಬ ಪಿಯಾನೋ ಕೃತಿಮಾಲೆಯ ಕೊನೆಯ ಆರು ಬಲ್ಗೇರಿಯನ್ ನೃತ್ಯಗಳಿವೆ. ಬಲ್ಗೇರಿಯಾ ಪಕ್ಕದ ಮನೆಯಲ್ಲ, ಅದರಾಚೆಯದು, ಇರಲಿ. ಅವುಗಳಲ್ಲಿ 150ನೆಯದಕ್ಕೆ ಎರಡು–ಮೂರರ ಲೆಕ್ಕದಲ್ಲಿ ಖಂಡ ಚಾಪು ಹಾಕುತ್ತಾ ಕೂರಬಹುದು.

ದೊಡ್ಡ ವಾದ್ಯವೃಂದದ ಕಛೇರಿಯಲ್ಲಿ ಬಾರ್ಟೋಕ್‌ನ 'ಡಾನ್ಸ್ ಸ್ವೀಟ್' (ನೃತ್ಯಗಳ ಗುಚ್ಛ) ಇದ್ದರೆ ಟಿಕೆಟ್ ಬಿಡಬೇಡಿ. ಬುಡಾ, ಪೆಸ್ಟ್ ಮತ್ತು ಓಬುಡಾ ಒಂದಾಗಿ ಐವತ್ತು ವರ್ಷ ತುಂಬಿದ ಸಂಭ್ರಮಕ್ಕೆಂದು 1923ರಲ್ಲಿ ರಾಜಧಾನಿಯೇ ಬರೆಸಿದ ಕೃತಿ ಅದು. ಒಪ್ಪಂದದ ಗಾಯ ಇನ್ನೂ ಹಸಿಯಾಗಿದ್ದಾಗ ಬಾರ್ಟೋಕ್ ಆ ವೇದಿಕೆಗೆ ಹಂಗೇರಿಯ ಕುಣಿತದ ಜೊತೆಗೆ ರೊಮೇನಿಯನ್ ಮತ್ತು ಅರಬ್ ಧಾಟಿಗಳನ್ನೂ ತಂದು ಕೂರಿಸಿದ. ಸ್ಲೋವಾಕ್ ಕುಣಿತವೊಂದನ್ನು ಶುರುಮಾಡಿ ಕೈಬಿಟ್ಟ. ನನ್ನ ಮಟ್ಟಿಗೆ ಅವನು ಬರೆದದ್ದರಲ್ಲೇ ಇದಕ್ಕಿಂತ ಎದೆಗಾರಿಕೆಯ ಕೃತಿ ಇನ್ನೊಂದಿಲ್ಲ.

ಸಭಾಂಗಣಕ್ಕಷ್ಟೇ ಹೋಗಿ ಬಂದರೆ ಅರ್ಧ ಕೇಳಿದಂತೆ. ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಹಳ್ಳಿಮೇಳದವರು ಸಿಕ್ಕರೆ ಮುಂದೆಯೇ ಕುಳಿತು 'ಕೊಂತ್ರಾ' ಎಂಬ ವಾದ್ಯವನ್ನು ನೋಡಿ. ಮೂರೇ ತಂತಿಯ ವಯೋಲಾ. ನಮ್ಮ ಪಿಟೀಲಿನ ಕುದುರೆ ಬಾಗಿರುತ್ತದೆ, ಇದರದು ಮಟ್ಟಸ. ಹಾಗಾಗಿ ಕಮಾನು ಮೂರೂ ತಂತಿಗಳನ್ನು ಒಟ್ಟಿಗೆ ಹಿಡಿಯುತ್ತದೆ. ಅದರ ಕೆಲಸ ರಾಗ ನುಡಿಸುವುದಲ್ಲ, ಸ್ವರಗುಚ್ಛಗಳನ್ನು ಒತ್ತಿ ಒತ್ತಿ ಕುಣಿಯುವವರ ಕಾಲು ಎತ್ತಿಸುವುದು.

ಈ ಮೇಳಗಳಲ್ಲಿ ಬಹುಪಾಲು ವಾದಕರು ರೋಮಾ ಜನ, ಅಂದರೆ ಶತಮಾನಗಳ ಹಿಂದೆ ನಮ್ಮ ಉಪಖಂಡದ ಉತ್ತರ ಭಾಗದಿಂದ ಹೊರಟವರ ಸಂತತಿ. ಹಂಗೇರಿಯನ್ನರ ಮದುವೆಗೆ ಒಂದು ಧಾಟಿ, ರೊಮೇನಿಯನ್ನರಿಗೆ ಇನ್ನೊಂದು, ಯಹೂದಿಗಳಿಗೆ ಮತ್ತೊಂದು, ಎಲ್ಲವೂ ಅವರಿಗೆ ಬಾಯಿಪಾಠವಿರಬೇಕಿತ್ತು. ನಾಜಿಗಳ ಕಾಲದ ಹತ್ಯಾಕಾಂಡದಲ್ಲಿ ಮಾರಾಮಾರೋಶ್ ಸೀಮೆಯ ಯಹೂದಿಗಳು ಇಲ್ಲವಾದ ಮೇಲೆ ಅವರ ಮದುವೆಯ ಸಂಗೀತ ಉಳಿದದ್ದು ಅವರಿಗಾಗಿ ನುಡಿಸುತ್ತಿದ್ದ ವೃದ್ಧ ರೋಮಾ ವಾದಕರ ನೆನಪಿನಲ್ಲಿ. ಹಂಗೇರಿಯ ಜನಪದ ಸಂಗೀತದ 'ಮುಜಿಕಾಶ್' ತಂಡ ಅವರಿಂದಲೇ ಕಲಿತು 1993ರಲ್ಲಿ ಒಂದು ಧ್ವನಿಮುದ್ರಿಕೆ ತಂದಿತು. ಹೊರಡುವ ಮುನ್ನ ಅದನ್ನು ಕೇಳಿಕೊಳ್ಳಿ.

ಬಿಡುವಿದ್ದ ಒಂದು ಸಂಜೆಯನ್ನು 'ತಾಂತ್ಸ್‌ಹಾಜ್'ಗೆ ಇಟ್ಟುಕೊಳ್ಳಿ. ಹಳ್ಳಿಯ ಕುಣಿತದ ಮನೆಯನ್ನು 1972ರಲ್ಲಿ ಬುಡಾಪೆಸ್ಟ್‌ನ ಯುವಕರು ನಗರಕ್ಕೆ ತಂದರು, 2011ರಲ್ಲಿ ಯುನೆಸ್ಕೋ ಅದನ್ನು ಪರಂಪರೆ ಉಳಿಸಿಕೊಳ್ಳುವ ಮಾದರಿ ಎಂದು ಗುರುತಿಸಿತು. ಅಲ್ಲಿ ಪ್ರೇಕ್ಷಕರೆಂದು ಬೇರೆ ಇರುವುದಿಲ್ಲ, ಹೊಸಬರಿಗೆ ಸಾಮಾನ್ಯವಾಗಿ ಮೊದಲಿಗೆ ಹೆಜ್ಜೆ ಹೇಳಿಕೊಡುತ್ತಾರೆ. ಗಟ್ಟಿ ಅಟ್ಟೆಯ ಶೂ ಹಾಕಿಕೊಂಡು ಹೋಗಿ. ಚಪ್ಪಲಿಯಲ್ಲಿ ಕುಣಿಯಹೋದರೆ ಕಾಲ್ಬೆರಳುಗಳ ಮೇಲಿನ ಆಸೆ ಬಿಡಬೇಕಾದೀತು.